ಬೆರಳಿಗೆ ಹಚ್ಚಿದ ಮಸಿ

ಶಹಾಬಾದ,
೯ ನವೆಂಬರ್ ೨೦೨೫

ಮುದ್ದಿನ ಲುಂಬಿನಿಗೆ ಅವ್ವನ ಜೈಭೀಮ್.

ಹೇಗಿದ್ದೀಯಾ ಮಗಳೇ? ಹಾಸ್ಟೆಲಿನ ಊಟ ಮೈಗೆ ಹಿಡಿಯಿತೇ? ಧಾರವಾಡದ ಥಂಡಿಗೆ ಕಿವಿ ಮುಚ್ಚಿಕೊಂಡು ಓಡಾಡು. ದಿನಾ ಫೋನು ಮಾಡುವ ಅವ್ವ ಇದೇನು ಕಾಗದ ಬರೆದಳು ಎಂದು ನಗಬೇಡ. ಕೆಲವು ಮಾತಿಗೆ ಫೋನಿನಲ್ಲಿ ಬಾಯಿ ಬರುವುದಿಲ್ಲ. ನಿನ್ನ ಸೋದರಮಾವ ರಮೇಶಕುಮಾರ ಇವತ್ತೇ ಆ ಕಡೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಆಯಿಯ ಬಲಗಾಲಿನ ಬಾವು ಇಳಿಯಲಿಲ್ಲ. ದವಾಖಾನೆಯಲ್ಲಿ ಆನೆಕಾಲು ರೋಗವೇ ಎಂದರು. ದಿನಕ್ಕೆ ಎರಡು ಸಲ ಅತ್ತೆಯ ಆ ಕಾಲನ್ನು ಸಾಬೂನಿನಿಂದ ತೊಳೆದು, ಬೆರಳಸಂದಿ ಒರೆಸಿ, ದಿಂಬಿನ ಮೇಲೆ ಎತ್ತಿಟ್ಟು, ಆಮೇಲೆ ನನ್ನ ಆಶಾ ಕೆಲಸಕ್ಕೆ ಓಣಿ ಓಣಿ ತಿರುಗಬೇಕು. ಸಾಕಾಗಿ ಹೋಗಿದೆ. ಡಾಕ್ಟರು ಒಳ್ಳೆಯವರು, ಕೂಡಿಸಿ ತಿಳಿಸಿದರು. ಮೈಯಲ್ಲಿ ರಕ್ತನಾಳಗಳಲ್ಲದೆ ಇನ್ನೊಂದು ಸಣ್ಣ ನಾಳಗಳ ಬಲೆ ಇದೆಯಂತೆ. ಮೈಯೊಳಗೆ ಜಿನುಗಿದ ನೀರನ್ನು ಎಳೆದು ತಿರುಗಿ ರಕ್ತಕ್ಕೆ ಸೇರಿಸುವುದು ಅದರ ಕೆಲಸ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಅದರ ಗಂಟುಗಳಿರುತ್ತವೆ, ರೋಗದೊಡನೆ ಕಾದಾಡುವ ಕಣಗಳು ಅಲ್ಲೇ ಕಾವಲು ಕೂತಿರುತ್ತವೆ. ಸೊಳ್ಳೆಯಿಂದ ಬಂದ ಹುಳು ಅದೇ ನಾಳದಲ್ಲಿ ಮನೆ ಮಾಡಿದರೆ, ಗಟಾರ ಕಟ್ಟಿದ ಓಣಿಯಂತೆ ಕಾಲಲ್ಲಿ ನೀರು ನಿಲ್ಲುತ್ತದೆ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಪೂರ್ತಿ ಬಾತ ಮೇಲೆ ಮೊದಲಿನ ಕಾಲು ಬರುವುದಿಲ್ಲ.

ಕಡೆಗೆ ಅವರು ನನ್ನ ರಜಿಸ್ಟರ್ ನೋಡಿ, "ಪ್ರತಿ ವರ್ಷ ಗುಳಿಗಿ ನುಂಗ್ಯಾರಲ್ರಿ, ಮತ್ತ ಹ್ಯಾಂಗ ಬಂತು?" ಎಂದರು. ನಾನು ರಜಿಸ್ಟರ್ ಮುಚ್ಚಿಟ್ಟುಕೊಂಡೆ. ನಿನಗೆ ಗೊತ್ತಲ್ಲ, ಆನೆಕಾಲು ಬಾರದಂತೆ ಸರಕಾರ ವರ್ಷಕ್ಕೊಮ್ಮೆ ಕೊಡುವ ಗುಳಿಗೆಯನ್ನು ಊರಿನವರು ನನ್ನ ಕಣ್ಣೆದುರೇ ನುಂಗಿದ ಮೇಲೆ ಅವರ ಎಡಗೈ ಬೆರಳಿಗೆ ಮಸಿ ಹಚ್ಚುವವಳು ನಾನು. ಗುಳಿಗೆಯನ್ನು ನಾಲಿಗೆ ಕೆಳಗೆ ಅಡಗಿಸಿಕೊಂಡ ನಮ್ಮ ಓಣಿಯ ಗನಿಸಾಬನನ್ನೂ ಬಿಟ್ಟವಳಲ್ಲ. ಮನೆಗೆ ಬಂದರೆ ಆಯಿ, "ನಂಗ ತೆಲಿ ತಿರುಗ್ತದ. ಮಸಿ ಹಚ್ಚಿ ಬಿಡು, ಯಾರ್ ನೋಡ್ತಾರ" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ನನಗೂ ಜಗಳಕ್ಕೆ ತ್ರಾಣ ಇರುತ್ತಿರಲಿಲ್ಲ. ಮೂರು ವರ್ಷ ಬರೀ ಮಸಿ ಹಚ್ಚಿ, ನುಂಗಿದರು ಎಂದು ರಜಿಸ್ಟರಿನಲ್ಲಿ ಬರೆದೆ. ದೀಪದ ಬುಡಕ್ಕೆ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ನಿನ್ನೆ ಕಾಲು ತೊಳೆಯುವಾಗ, ತಪ್ಪು ನನ್ನದು ಎಂದು ಹೇಳಿಬಿಟ್ಟೆ. "ನಾನೇ ಒಲ್ಲೆ ಅಂದಿದ್ದೆ ತಗೋ" ಎಂದು ಆಯಿ ಇನ್ನೊಂದು ಕಾಲನ್ನೂ ಮುಂದೆ ಚಾಚಿದರು. ಬೈದಿದ್ದರೆ ಚಲೋ ಇತ್ತು.

ಅಪ್ಪ ಆರಾಮ ಇದ್ದಾರೆ. ಆಯಿ ನಿನಗೆಂದು ಶೇಂಗಾ ಹೋಳಿಗೆ ಮಾಡಿಸಿದ್ದಾರೆ, ಗೆಳತಿಯರಿಗೂ ಕೊಡು. ಚೆನ್ನಾಗಿ ಓದು, ಸುಖವಾಗಿರು.

ನಿನ್ನ ಅವ್ವ,
ದ್ರೌಪದಿ

ತಾ.ಕ.: ಮಾವ ಚೀಲ ಎತ್ತಿಕೊಂಡು ನಿಂತಿದ್ದಾನೆ. ಮರೆತಿದ್ದೆ ಎಂದು ಸುಳ್ಳು ಬರೆಯುವುದಿಲ್ಲ, ಈ ಕಾಗದ ಇದಕ್ಕಾಗಿಯೇ. ಹೋದ ವರ್ಷ "ನಾಳಿ ಪರೀಕ್ಷಾ ಅದ ಅವ್ವಾ" ಎಂದು ನೀನೂ ಬೆರಳು ಚಾಚಿದ್ದೆ. ಅದರ ಹಿಂದಿನ ವರ್ಷವೂ. ನಿನಗೂ ಬರೀ ಮಸಿ ಹಚ್ಚಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು ಎಡಗಾಲಿನ ಚಪ್ಪಲಿ ಬಿಗಿಯಾಗುತ್ತಿದೆ ಎಂದೆ. ಹೊಸದು, ಸಡಿಲಾಗುತ್ತದೆ ಎಂದು ನಾನು ಮಾತು ಮುಗಿಸಿದೆ. ಆಮೇಲೆ ನನಗೆ ಊಟ ಸೇರಿಲ್ಲ. ಇದು ಕೈಗೆ ಬಂದ ದಿನವೇ ದವಾಖಾನೆಗೆ ಹೋಗು, ಕಾಲು ತೋರಿಸು, ರಕ್ತ ಪರೀಕ್ಷೆ ಮಾಡಿಸು. ಪ್ರತಿ ವರ್ಷ ಗುಳಿಗೆ ತಗೊಂಡಿದ್ದೀಯಾ ಎಂದು ಕೇಳಿದರೆ, ಇಲ್ಲ ಎನ್ನು. ಯಾಕೆ ಎಂದು ಕೇಳಿದರೆ ನನ್ನ ಹೆಸರು ಹೇಳು.