ಲಾವಂಚ ಕಿತ್ತ ದಂಡೆಯಿಂದ

ಬಿದರಹೊಳೆಯ ಎಡದಂಡೆ
ಹಸ್ತ ಮಳೆ ಮುಗಿದ ನಾಲ್ಕನೆಯ ದಿನ, ಕ್ರಿ.ಶ. ೨೧೭೪

ನನಗಿಂತ ಆರು ತಲೆಮಾರು ಹಿಂದಿನವರಿಗೆ, ಹೊಳೆಯಂಚಿನಲ್ಲಿ ಹೊಲ ಇರುವವರಿಗೆ, ನೀಲಗಂಗವ್ವನ ಶರಣು.

ಇನ್ನೂ ಬಾರದ ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತು ನಿಮ್ಮ ಕಾಲದಲ್ಲಿ ಹುಟ್ಟಿಯೇ ಇಲ್ಲ, ಹೊಟ್ಟೆಗೆ ಹಾಕಿಕೊಳ್ಳಿ. ಕಾಗದ ಹೇಗೆ ತಲುಪಿತು ಅಂತ ಮಾತ್ರ ಕೇಳಬೇಡಿ, ಅದು ನನಗೂ ಗೊತ್ತಿಲ್ಲ.

ನಾನು ದಂಡೆಗಾರ್ತಿ. ಅಂದರೆ ಊರು ನನ್ನ ಮನೆಗೆ ಒಪ್ಪಿಸಿದ ನೂರು ಹೆಜ್ಜೆ ದಂಡೆಯನ್ನು ಕುಸಿಯದಂತೆ ಕಾಯುವವಳು. ನೀರಿನಂಚಿನಿಂದ ಇಪ್ಪತ್ತು ಹೆಜ್ಜೆಯೊಳಗೆ ನೇಗಿಲು, ದನ, ಗೊಬ್ಬರ ಯಾವುದೂ ಬರುವಂತಿಲ್ಲ. ಆ ಜಾಗಕ್ಕೆ ಬಿಡುಪಟ್ಟಿ ಅನ್ನುತ್ತೇವೆ. ಕಡಿದಾದ ದಂಡೆಯನ್ನು ಇಳಿಜಾರು ಮಾಡಿ, ನೀರಿನ ಮಗ್ಗುಲಿಗೆ ಲಕ್ಕಿ ಗಿಡ, ಮೇಲೆ ಮಣ್ಣು ಹಿಡಿಯುವ ಲಾವಂಚ, ಅದರಾಚೆ ಹೊಂಗೆ ನೆಡುತ್ತೇವೆ. ದಿನಾ ಬೆಳಿಗ್ಗೆ ತಿಳಿಗಾಜು ಎತ್ತುತ್ತೇನೆ. ಅದು ಮೊಳದುದ್ದದ ಗಾಜಿನ ಕೊಳವೆ, ತಳದಲ್ಲೊಂದು ಕಪ್ಪು ಚುಕ್ಕೆ. ಹೊಳೆನೀರು ತುಂಬಿ ಮೇಲಿನಿಂದ ಇಣುಕಿದಾಗ ಚುಕ್ಕೆ ಕಂಡರೆ ನೀರು ತಿಳಿ. ಕಾಣದಿದ್ದರೆ ಕೆಳಗಿನ ಊರುಗಳಿಗೆ ಹೇಳಿಕಳಿಸಬೇಕು, ಕೂಸುಗಳಿಗೆ ಈ ನೀರು ಕೊಡಬೇಡಿ ಅಂತ.

ಮೂರು ವರ್ಷದ ಹಿಂದೆ, ಬೇಸಿಗೆಯಲ್ಲಿ, ಮಗಳು ಸೋಮಲೆ ಬಾಣಂತನಕ್ಕೆ ಬಂದಳು. ಸೆಕೆ ಅಂದರೆ ಸೆಕೆ. ಕಿಟಕಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಕೂಸು ತಣ್ಣಗೆ ಮಲಗುತ್ತದಲ್ಲ! ಪೇಟೆಯ ಬೇರಿಗೆ ಆ ಘಮ ಎಲ್ಲಿ? ನನ್ನ ದಂಡೆಯದನ್ನೇ ಅಗೆದೆ. ಎರಡು ಸಾಲು ಕಿತ್ತರೆ ಏನಾದೀತು ಅಂದುಕೊಂಡು ಆರು ಸಾಲು ಕಿತ್ತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಮಖೆ ಮಳೆಯ ಮೊದಲ ಪ್ರವಾಹಕ್ಕೆ ದಂಡೆ ಬಿಡುಪಟ್ಟಿ ಸಮೇತ ಕುಸಿಯಿತು. ಹಿಂದಿದ್ದ ಹೊಲದ ಗೊಬ್ಬರವೆಲ್ಲ ಹೊಳೆಗೆ, ಹೊಳೆಯಿಂದ ಇಂಗಿ ಊರ ಬಾವಿಗೆ ಬಂತು. ಸೋಮಲೆಗೆ ಎದೆಹಾಲು ಸಾಲದೆ ಪುಡಿಹಾಲು ಕಲಸಿ ಕುಡಿಸುತ್ತಿದ್ದೆವು. ನೀರು ಕುದಿಸಿದ್ದೇನಲ್ಲ ಅಂತ ನನಗೆ ಧೈರ್ಯ. ಕುದಿಸಿದರೆ ಗೊಬ್ಬರದ ಉಪ್ಪು ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಮೂರು ತಿಂಗಳ ಕೂಸಿನ ತುಟಿ ನೇರಳೆ ಹಣ್ಣು ತಿಂದಂತೆ ನೀಲಿಯಾಯಿತು. ಡಾಕ್ಟರು ಉಳಿಸಿದರು. ಕುಡಿಸಿದವಳು ನಾನು.

ಸೋಮಲೆ ಬೈಯಲಿಲ್ಲ. ಗಂಡನೂರಿಗೆ ಹೊರಡುವಾಗ ಒಂದೇ ಮಾತು ಹೇಳಿದಳು, ಒಂದು ಮಳೆಗಾಲ ಪೂರ್ತಿ ನಿನ್ನ ಗಾಜಿನಲ್ಲಿ ಚುಕ್ಕೆ ಕಾಣಲಿ, ಆಮೇಲೆ ಮಗಳನ್ನು ಕರೆತರುತ್ತೇನೆ ಅಂತ. ಸರಿಯಾಗೇ ಹೇಳಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ನೂರು ಹೆಜ್ಜೆಯನ್ನೂ ಮತ್ತೆ ನೆಟ್ಟೆ. ಈ ಹಸ್ತಕ್ಕೆ ನನ್ನ ದಂಡೆಯಿಂದ ಹಿಡಿ ಮಣ್ಣೂ ಜಾರಲಿಲ್ಲ. ಆದರೂ ಚುಕ್ಕೆ ಕಾಣಲಿಲ್ಲ.

ಯಾಕೆಂದರೆ ಈಗ ಬರುತ್ತಿರುವ ಮಣ್ಣು ನಿಮ್ಮದು. ನೀವು ಲಕ್ಕಿ ಪೊದೆ ಸವರಿ ನೀರಿನಂಚಿನವರೆಗೂ ಉತ್ತಿರಿ. ನಿಮ್ಮ ಕಾಲದಲ್ಲಿ ಕುಸಿದದ್ದೆಲ್ಲ ಗೊಬ್ಬರದ ಸಮೇತ ಹೊಳೆಯ ತಿರುವುಗಳಲ್ಲಿ ಕೂತಿದೆ, ಪ್ರತಿ ಪ್ರವಾಹಕ್ಕೂ ಇಷ್ಟಿಷ್ಟೇ ಎದ್ದು ಬರುತ್ತದೆ. ಬೈಯಲು ನನಗೆ ಬಾಯಿಲ್ಲ, ನಾನೇನು ಸಾಚಾ ಅಲ್ಲ. ಬೇಡಿಕೊಳ್ಳುತ್ತೇನೆ, ಇಪ್ಪತ್ತು ಹೆಜ್ಜೆ ಬಿಡಿ. ಅಲ್ಲಿನ ಬೇರು ಕೀಳಬೇಡಿ.

ಮೊಮ್ಮಗಳಿಗೆ ಮೂರು ತುಂಬಿತು. ಚೆನ್ನಾಗಿ ಮಾತಾಡುತ್ತಾಳಂತೆ, ನಾನಿನ್ನೂ ಕೇಳಿಲ್ಲ. ನನಗೆ ಅರವತ್ತೊಂಬತ್ತು. ತಡ ಮಾಡಬೇಡಿ.