ಅಂದು ಇನೆಸ್‌ಗೆ ನಾನು ಹೇಳಿದ್ದು

ನನ್ನ ಆಯಿ,

ಬಿ.ಎ. ಜೊತೆಗೇ ಜಾಗತಿಕ ಅಧ್ಯಯನದ ಸರ್ಟಿಫಿಕೇಟ್ ಕೋರ್ಸಿಗೂ ಸೇರುತ್ತೇನೆ ಎಂದಾಗ ನೀನು ಕೇಳಿದ್ದು ನೆನಪಿದೆಯಾ? "ಒಂದು ಡಿಗ್ರಿ ಸಾಲ್ದೇ ಮಗಾ?" ಕೇಳಿದ್ದಷ್ಟೇ. ಶನಿವಾರ ಮಧ್ಯಾಹ್ನದ ಕ್ಲಾಸಿಗೆಂದು ನಾನು ಕಾಲೇಜಿರುವ ಹೊನ್ನಾವರದಲ್ಲೇ ಸಂಜೆಯವರೆಗೆ ಉಳಿಯತೊಡಗಿದಾಗ ಬುತ್ತಿ ದೊಡ್ಡದಾಯಿತು. ನಮ್ಮ ಒಣಮೆಣಸು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದಂತೆ ಎಂದು ಓದಿ ಹೇಳಿದ ದಿನ ಮಾತ್ರ ನಿನಗೆ ಸಿಟ್ಟೇ ಬಂತು. ಹಾಗಾದರೆ ನಮ್ಮ ಹಿರಿಯರು ಸಪ್ಪೆ ಸಾರು ಉಣ್ಣುತ್ತಿದ್ದರಾ ಎಂದು ನಮ್ಮ ಕಾಲೇಜಿನವರನ್ನೆಲ್ಲ ಬೈದೆ.

ಆಮೇಲೆ ಆ ವಿಡಿಯೋ ಕರೆ. ಕೋರ್ಸಿಗಾಗಿ ಬೇರೆ ದೇಶದ ವಿದ್ಯಾರ್ಥಿಯೊಬ್ಬರಿಗೆ ನಮ್ಮೂರಿನ ಒಂದು ಕೆಲಸ ತೋರಿಸಿ ವರದಿ ಬರೆಯಬೇಕಿತ್ತು. ನನಗೆ ಸಿಕ್ಕವಳು ಪೋರ್ಚುಗಲ್‌ನ ಇನೆಸ್. ನೀನು ಅಂಗಳದಲ್ಲಿ ನೀರುಳ್ಳಿ ಗೊಂಚಲು ಕಟ್ಟುತ್ತ ಕೂತಿದ್ದೆ. ಅಂಚು ಹರಿದ ಸೀರೆ, ಕೈತುಂಬ ಮಣ್ಣು. ಅವರು ಯಾರು ಎಂದು ಇನೆಸ್ ನಿನ್ನತ್ತ ಬೆರಳು ಮಾಡಿ ಇಂಗ್ಲಿಷಿನಲ್ಲಿ ಕೇಳಿದಳು. ನಾನು... ಕೆಲಸಕ್ಕೆ ಬರುವ ಹೆಂಗಸು ಎಂದುಬಿಟ್ಟೆ. ಅವಳ ಹಿಂದೆ ಗೋಡೆತುಂಬ ಪುಸ್ತಕಗಳಿದ್ದವು, ಆಯಿ. ಅದಕ್ಕಾ? ಇವತ್ತಿಗೂ ನನಗೆ ತಿಳಿಯುವುದಿಲ್ಲ. ನೀನು ಏನೂ ಅರ್ಥವಾಗದೆ ನಕ್ಕೆ. ಒಣಗಿದ ಎಲೆಗಳನ್ನು ಜಡೆಯ ಹಾಗೆ ಹೇಗೆ ಹೆಣೆಯಬೇಕೆಂದು ಅವಳಿಗೆ ಮೂರು ಸಲ ನಿಧಾನವಾಗಿ ತೋರಿಸಿದೆ. ನಡುವೆ ನನ್ನ ಕೆನ್ನೆಗೆ ಅಂಟಿದ್ದ ಮಣ್ಣನ್ನು ನಿನ್ನ ಸೆರಗಿನಿಂದ ಒರೆಸಿದೆ.

ಫೋನು ಕೆಳಗಿಟ್ಟ ಕೂಡಲೇ ನಿನ್ನ ಪ್ರಶ್ನೆ. "ಆ ಹುಡ್ಗಿ ನನ್ನ ತೋರ್ಸಿ ಎಂತೋ ಕೇಳ್ತಲ್ಲ, ನೀ ಎಂತ ಹೇಳ್ದೆ?"

"ನನ್ನ ಆಯಿ ಅಂದೆ."

"ಆತು," ಎಂದು ಎದ್ದು ಹೋದೆ ನೀನು. ಆದರೆ ಮರುದಿನ ಹೆದ್ದಾರಿ ಬದಿಯಲ್ಲಿ ಗೊಂಚಲು ಮಾರುವಾಗ, ಕಾರು ನಿಲ್ಲಿಸಿದವರಿಗೆಲ್ಲ ಅದನ್ನೇ ಹೇಳಿದೆಯಂತೆ. ಮಗಳು ನನ್ನನ್ನು ಪರದೇಶದವರಿಗೆ ತೋರಿಸಿದಳು, ಇವಳೇ ನನ್ನ ಆಯಿ ಅಂದಳು, ಎಂದು. ನಿನ್ನ ಪಕ್ಕದಲ್ಲಿ ಕೂತು ಮಾರುವ ನಾಗಮ್ಮಕ್ಕ ಇದನ್ನು ನನಗೆ ಹೇಳಿದ್ದು ನಿನ್ನ ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದಾಗ. ಆ ಕರೆಯಾಗಿ ಮೂರು ವಾರಕ್ಕೆ, ಎದೆನೋವೆಂದು ಮಲಗಿದವಳು ನೀನು ಮತ್ತೆ ಏಳಲಿಲ್ಲ. ನಿಜ ಹೇಳಿ ನಿನ್ನ ಕಾಲು ಹಿಡಿಯಲು ನನಗೆ ಮೂರು ವಾರವಿತ್ತಲ್ಲ ಆಯಿ. ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ...

ಕಳೆದ ತಿಂಗಳು ಕೋರ್ಸಿನ ಕೊನೆಯ ದಿನ ಎಲ್ಲರೂ ತಮ್ಮ ವರದಿಯ ಬಗ್ಗೆ ಮಾತಾಡಬೇಕಿತ್ತು. ಪರದೆಯ ಮೇಲೆ ಇನೆಸ್ ಇದ್ದಳು. ಬರೆದುಕೊಂಡು ಹೋದದ್ದನ್ನು ಓದಲು ಆಗಲಿಲ್ಲ. ಅಂದು ಗೊಂಚಲು ಕಟ್ಟಿ ತೋರಿಸಿದವಳು ನನ್ನ ತಾಯಿ, ನಾನು ಸುಳ್ಳು ಹೇಳಿದ್ದೆ, ಈಗ ಅವಳಿಲ್ಲ ಎಂದೆ. ಇಡೀ ಕ್ಲಾಸಿನ ಎದುರು ಅತ್ತುಬಿಟ್ಟೆ. ಕೆಲಸದವರು ಹಾಗೆ ಮುಖ ಒರೆಸುವುದಿಲ್ಲ, ನನಗೆ ಅಂದೇ ಗೊತ್ತಾಗಿತ್ತು ಎಂದಳು ಇನೆಸ್. ಮತ್ತೆ ಫೋನು ತಿರುಗಿಸಿ ತನ್ನ ಅಡುಗೆಮನೆ ತೋರಿಸಿದಳು. ಕಿಟಕಿಯ ಪಕ್ಕ ನೀರುಳ್ಳಿ ಗೊಂಚಲು ನೇತಾಡುತ್ತಿತ್ತು. ಕಟ್ಟು ಸ್ವಲ್ಪ ಸಡಿಲ. ನೀನಿದ್ದರೆ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದೆ.

ಸರ್ಟಿಫಿಕೇಟ್ ಇವತ್ತು ಕೈಗೆ ಬಂತು. ಇನೆಸ್‌ಗೆ ಅಂದೇ ಗೊತ್ತಿತ್ತು. ನಿನಗೂ ಗೊತ್ತಿತ್ತಾ, ಆಯಿ? ಗೊತ್ತಿದ್ದೂ "ಆತು" ಅಂದೆಯಾ? ಹೊಸ ನೀರುಳ್ಳಿ ಬಂದಾಗ, ಕಾಲೇಜಿಲ್ಲದ ದಿನ ನಾಗಮ್ಮಕ್ಕನ ಪಕ್ಕ ನಿನ್ನ ಜಾಗದಲ್ಲಿ ನಾನು ಕೂರುತ್ತೇನೆ. ಇಷ್ಟು ಚಂದ ಕಟ್ಟಲು ಯಾರು ಕಲಿಸಿದರು ಎಂದು ಯಾರಾದರೂ ಕೇಳಿದರೆ, ನನ್ನ ಆಯಿ ಅನ್ನುತ್ತೇನೆ.

ನಿನ್ನ ಮಗಳು,
ಸವಿತಾ