ಕಂಪನಿ ಕಳಿಸಿದ ಬಾಗಿನ

ತುಮಕೂರು
ಸೆಪ್ಟೆಂಬರ್ 1986, ಗೌರಿ ಹಬ್ಬದ ಮರುದಿನ

ಕೊತ್ತಗೆರೆಯ ಕದರಮ್ಮನವರಿಗೆ ಕೌಸಲ್ಯಳ ನಮಸ್ಕಾರ.

ಇದನ್ನು ನಿಮಗೆ ಓದಿ ಹೇಳುವವರು ಯಾರೋ, ನಿಧಾನವಾಗಿ ಓದಲಿ.

ಎಂಟು ವರ್ಷದ ಹಿಂದೆ, ರೇಡಿಯೊ ಜೋಡಿಸುವ ನಮ್ಮ ವಿದೇಶಿ ಕಂಪನಿಗೆ ನಿಮ್ಮ ಮಗಳು ಪುಟ್ಟಗಂಗಮ್ಮನನ್ನು ಕಳಿಸಿ ಎಂದು ಕೇಳಲು ಬಂದಿದ್ದೆ. ಆಗ ನಿಮ್ಮ ಕಡೆ ಯಾರೂ ಹೆಣ್ಣುಮಕ್ಕಳನ್ನು ಕಾರ್ಖಾನೆಗೆ ಕಳಿಸುತ್ತಿರಲಿಲ್ಲ. ನನ್ನ ಕೈಯ ತಟ್ಟೆಯಲ್ಲಿ ಹೂವು, ಹಣ್ಣು, ಕುಂಕುಮ ನೋಡಿ ನೀವು, "ಏನಮ್ಮಾ, ಕೆಲ್ಸಕ್ ಕರಿಯಕ್ ಬಂದಿದೀರೋ, ಹೆಣ್ ಕೇಳಕ್ ಬಂದಿದೀರೋ?" ಎಂದು ನಕ್ಕಿರಿ. ತಟ್ಟೆ ನನ್ನ ಯೋಚನೆ. ಮದುವೆಯಾದವರು ಕೆಲಸ ಬಿಡಬೇಕೆಂಬ ನಿಯಮವಿತ್ತು. ಬಿಟ್ಟವರ ಗಂಡನ ಮನೆಗೆ ಪ್ರತಿ ಗೌರಿಗೂ ಕಂಪನಿಯಿಂದ ಮೊರದ ಬಾಗಿನ ಕಳಿಸೋಣ ಎಂದದ್ದೂ ನಾನೇ. ತವರಿನಿಂದ ಬರುವುದನ್ನು ಕಂಪನಿಯೂ ಕಳಿಸಿದರೆ ಊರವರ ಭಯ ಹೋಗುತ್ತದೆಂದು ಸಾಹೇಬರಿಗೆ ವಿವರಿಸಿದೆ. ಅವರಿಗೆ ಬಹಳ ಹಿಡಿಸಿತು. ಮರುವರ್ಷ ಕೆಲಸ ಕೇಳಿ ಬಂದ ಹುಡುಗಿಯರ ಸಾಲು ಗೇಟಿನಾಚೆಗೂ ಇತ್ತು. "ಇನ್ನು ಕಂಪನಿಯೇ ನಿನ್ನ ಎರಡನೇ ತವರು" ಎಂದು ಪುಟ್ಟಗಂಗಮ್ಮನ ಮದುವೆಯಲ್ಲಿ ಎಲ್ಲರೆದುರು ಹೇಳಿದೆ.

ಗುಬ್ಬಿಯ ಗಂಡನ ಮನೆಯಲ್ಲಿ ಏಟು ತಿಂದು ಎರಡು ಸಲ ನಿಮ್ಮ ಮನೆಗೆ ಬಂದವಳನ್ನು ನೀವು ವಾಪಸು ಕಳಿಸಿದಿರಿ. ಮೂರನೆಯ ಸಲ ಅವಳು ಬರಲಿಲ್ಲ, ಬಾವಿಯಲ್ಲಿ ಸಿಕ್ಕಳು. "ನಾನೇ ಬಾಗ್ಲು ಹಾಕ್ದೋಳು, ಇನ್ನೆಲ್ ಹೋದಾಳು" ಎಂದು ನಾಲ್ಕು ವರ್ಷದಿಂದ ಅಳುತ್ತೀರೆಂದು ಅಮೃತೂರಿನ ಬಸ್ಸಿನಲ್ಲಿ ನಿಮ್ಮೂರಿನವರೊಬ್ಬರು ಹೇಳಿದರು.

ಕದರಮ್ಮನವರೇ, ಅವಳು ಹೋಗಿದ್ದಳು. ಸಾಯುವ ಹಿಂದಿನ ದಿನ ನಮ್ಮ ಕಾರ್ಖಾನೆಗೆ ಬಂದಿದ್ದಳು. ಕಾವಲಿನ ಬೆಟ್ಟಯ್ಯನಿಗೆ, "ತೌರಿಗ್ ಬಂದಿದೀನಿ ಅಂತ ಕೌಸಲ್ಯಕ್ಕಂಗೆ ಹೇಳಣ್ಣ" ಎಂದಳಂತೆ. ಅವನು, "ಇದು ಫ್ಯಾಕ್ಟ್ರಿ ಕಣವ್ವ, ಛತ್ರ ಅಲ್ಲ" ಎಂದು ಗದರಿ ಕಳಿಸಿದನಂತೆ. ಅಂದು ಬಾಗಿನ ಜೋಡಿಸುವುದನ್ನು ನೋಡಲು ಹೊರದೇಶದಿಂದ ಕಂಪನಿಯ ದೊಡ್ಡವರು ಬಂದಿದ್ದರು, ಫೋಟೊ ತೆಗೆಯುತ್ತಿದ್ದರು. ನನಗೆ ಸುದ್ದಿ ಮುಟ್ಟಿದ್ದು ಸಂಜೆಗೆ.

ರಾತ್ರಿ ಮಲಗುವ ಮುಂಚೆ ಪದ್ಯ ಓದುವುದು ನನ್ನ ಅಭ್ಯಾಸ; ಅಂದಿನಿಂದ ಯಾವ ಪುಸ್ತಕ ತೆರೆದರೂ ಸಾಲುಗಳ ನಡುವೆ ಅವಳು ನಿಂತಿರುತ್ತಾಳೆ. ಕೂತುಕೋ ಎಂದರೆ ಕೂರುವುದಿಲ್ಲ. ಈ ಹಬ್ಬಕ್ಕೂ ನೂರಾ ಹದಿನಾರು ಬಾಗಿನ ಕಳಿಸಿದೆವು.

ಅವಳಿಗೆ ಇಲ್ಲವೆಂದವರಲ್ಲಿ ನೀವು ಕೊನೆಯವರಲ್ಲ. ಇಷ್ಟು ನಿಮಗೆ ತಿಳಿಯಬೇಕಿತ್ತು.

ಇಂತಿ,
ಕೌಸಲ್ಯ

ಮತ್ತೆ: ಬೆಟ್ಟಯ್ಯ ಗದರಲಿಲ್ಲ. ಓಡಿಬಂದು ನನ್ನನ್ನು ಕರೆದ. ನಾನು ಗೇಟಿಗೆ ಹೋದೆ. "ಹಬ್ಬ ಕಳಿಯೋಗಂಟ ಮೂಲೇಲಿ ಬಿದ್ದಿರ್ತೀನಿ ಕಣಕ್ಕ" ಎಂದಳು. ಅವಳ ಊದಿದ ಮುಖ ಹೊರದೇಶದಿಂದ ಬಂದವರ ಕಣ್ಣಿಗೆ ಬಿದ್ದೀತೆಂದು ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಗುಬ್ಬಿ ಬಸ್ಸು ಹತ್ತಿಸಿದೆ. ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟೆ.